ದ್ಯುಬ್ವಾ ಪಾದ್ರಿಗಳ ಪತ್ರಗಳು

ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತು ಅಬ್ಬೆ ದ್ಯುಬ್ವಾ ಅವರು ಬರೆದರೆಂದು ಪ್ರಸಿದ್ಧವಾಗಿರುವ ದೊಡ್ಡ ಗ್ರಂಥವನ್ನು ಓದದಿರುವವರೂ ಅದರ ಹೆಸರನ್ನಾದರೂ ಕೇಳಿರುವರು. ಮೈಸೂರು ಸೀಮೆಯಲ್ಲಿದ್ದುಕೊಂಡು ಬರೆದ ಗ್ರಂಥವೆಂಬ ಅಭಿಮಾನದಿಂದ ಅದನ್ನು ಬೀರುವಿನಲ್ಲಿ ಇಟ್ಟುಕೊಂಡಿರುವ ಮನೆಗಳೂ ಉಂಟು. ಅದೇ ಗ್ರಂಥಕರ್ತರ ಮತ್ತೊಂದು ಪುಸ್ತಕ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಹೆಸರನ್ನು ಕೇಳಿರುವವರು ಕಡಮೆ, ಓದಿರುವವರು ಇನ್ನೂ ಕಡಮೆ. ಹಿಂದೂದೇಶದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳ ಸಂಗ್ರಹವದು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗತಕ್ಕ ಕಾರ್ಯವಲ್ಲವೆಂಬ ತೀರ್ಪು ಅದರ ಮುಖಪುಟದಲ್ಲಿಯೇ ಅಚ್ಚಾಗಿದೆ. ಮತಪ್ರಚಾರಕ್ಕೆಂದೇ ಹಡಗು ಹತ್ತಿ ಬಂದು, ಮೂವತ್ತು ವರ್ಷ ಈ ದೇಶದಲ್ಲಿ ದುಡಿದ ಪಾದ್ರಿಯೊಬ್ಬರು ಹೀಗೆ ಬರೆದರೆಂದರೆ ಅದು ಸಾಮಾನ್ಯವಾದ ಮಾತಲ್ಲ. ಹಿಂದೂಗಳು ಈ ಪುಸ್ತಕವನ್ನು ತಮ್ಮ ಪಕ್ಷದ ಸಾಕ್ಷಿಯೆಂದು ಎತ್ತಿ ತೋರಿಸುವುದು ಸುಲಭ. ಕ್ರೈಸ್ತರು ಇದನ್ನು ಕಂಡೂ ಕಾಣದಂತೆ ಪಕ್ಕಕ್ಕೆ ಸರಿಸುವುದೂ ಅಷ್ಟೇ ಸುಲಭ. ಇಬ್ಬರೂ ಮುಖಪುಟದಲ್ಲಿಯೇ ನಿಂತವರು. ಒಳಗಿನ ಪುಟಗಳಲ್ಲಿ ಇರತಕ್ಕದ್ದು ಸಾಮಾನ್ಯ ಜನರು ನಿತ್ಯದ ಬಾಳಿನಲ್ಲಿ ತಮ್ಮ ನಂಬಿಕೆಯನ್ನು ಉಳಿಸಿಕೊಳ್ಳಲು ಪಟ್ಟ ಪಾಡು. ಅದನ್ನು ಹತ್ತಿರದಿಂದ ಕಂಡೂ ಅದಕ್ಕೆ ತಕ್ಕ ಬೆಲೆ ಕಟ್ಟಲಾರದೆ ಹೋದ ಗುರುವಿನ ಬೇಗುದಿ.

ಈ ಪತ್ರಗಳಿಗೆ ಈಚೆಗೆ ಬೆಲೆ ಹೆಚ್ಚಿರುವುದಕ್ಕೆ ಮತ್ತೊಂದು ಕಾರಣವುಂಟು. ಆಚಾರವ್ಯವಹಾರಗಳ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ವಿಲ್ಕ್ಸ್ ಸಾಹೇಬರ ಶಿಫಾರಸಿನಿಂದ ಕಂಪೆನಿಯವರು 2,000 ವರಹಗಳಿಗೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರ ಹೊರಟಿತು. 1825ರಲ್ಲಿ ಫ್ರೆಂಚ್ ಮೂಲವೂ, 1897ರಲ್ಲಿ ಬೋಚಂಪರ ಹೊಸ ಭಾಷಾಂತರವೂ ಬಂದುವು. ಆದರೆ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆ ಗ್ರಂಥದ ಬಹುಭಾಗವು ಒಂದು ತಲೆಮಾರು ಹಿಂದಿನ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹವನ್ನು ಆಧರಿಸಿದ್ದೆಂದು ಸಾಧಿಸಿದರು. ಹಾಗಾದ ಮೇಲೆ ದ್ಯುಬ್ವಾ ಅವರ ಸ್ವಂತ ದನಿಯನ್ನು ಕೇಳಬೇಕೆನ್ನುವವನು ಪತ್ರಗಳ ಕಡೆಗೆ ತಿರುಗಬೇಕು. ದೊಡ್ಡ ಗ್ರಂಥದಲ್ಲಿ ವಿದ್ವಾಂಸನ ಸಮಾಧಾನವಿದೆ. ಪತ್ರಗಳಲ್ಲಿ ಸಮಾಧಾನವಿಲ್ಲ, ವಾಕ್ಯಗಳು ಒಮ್ಮೆ ವಾದಕ್ಕೆ ನಿಲ್ಲುತ್ತವೆ, ಒಮ್ಮೆ ಗೋಳಿಗೆ ಇಳಿಯುತ್ತವೆ, ಮತ್ತೊಮ್ಮೆ ಕೋಪಕ್ಕೆ ಏರುತ್ತವೆ. ಬರಹದ ಗುಣದಲ್ಲಿ ಇದು ಕೊರತೆಯೆಂದು ಹೇಳಬಹುದಾದರೂ, ಈ ಕೊರತೆಯಿಂದಲೇ ಮನುಷ್ಯನು ಕಾಣಿಸುತ್ತಾನೆ.

ಗ್ರಂಥಕರ್ತರ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಫ್ರಾನ್ಸಿನ ಆರ್ದೆಶ್ ಪ್ರಾಂತದವರು. 1792ರಲ್ಲಿ ಗುರುಪಟ್ಟ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶ ಮಿಷನ್ ಸಂಘದ ಪರವಾಗಿ ಪಾಂಡಿಚೇರಿಯ ಕಡೆಗೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಮುಂದೆ ವೆಲಿಂಗ್ಟನ್ ಪ್ರಭುವೆಂದು ಹೆಸರಾದ ವೆಲ್ಲೆಸ್ಲಿಯವರ ಸೂಚನೆಯಂತೆ, ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಈ ದೇಶದವರ ಉಡುಪು ತೊಟ್ಟರು, ಮಾಂಸ ಬಿಟ್ಟರು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’ ಆದರು. ಸಿಡುಬು ಅಮ್ಮನ ಮುನಿಸೆಂದು ನಂಬಿದ್ದ ಕಾಲದಲ್ಲಿ ಹಸುವಿನ ಸಿಡುಬಿನ ಹಾಲು ಹಾಕಿಸುವ ಕೆಲಸಕ್ಕೆ ಕೈಹಾಕಿ, 1803–04ರಲ್ಲಿ 25,432 ಮಂದಿಗೆ ಹಾಕಿಸಿದರೆಂದು ಲೆಕ್ಕವಿದೆ. ಬಡ ಕ್ರೈಸ್ತರಿಗೆ ನೆಲದ ಆಸರೆ ಬೇಕೆಂದು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಹೆಸರಾದದ್ದು ಹಾಸನ ಸೀಮೆಯ ಸಾತಳ್ಳಿ. 1823ರ ಜನವರಿಯಲ್ಲಿ ಈ ದೇಶವನ್ನು ಬಿಟ್ಟರು. ಪತ್ರಗಳು ಅದೇ ವರ್ಷ ಹೊರಬಿದ್ದುವು.

ಪುಸ್ತಕದ ಮುಖ್ಯವಾದ ವಾದ ಸರಳವಾದದ್ದು. ಹಿಂದೂವಿನ ಊಟ, ಮದುವೆ, ಶವಸಂಸ್ಕಾರ, ಬಂಧುತ್ವ, ಕಸುಬು ಎಲ್ಲವೂ ಅವನ ಕುಲದಲ್ಲಿ ಹೆಣೆದುಕೊಂಡಿವೆ. ಮತವನ್ನು ಬಿಟ್ಟವನು ತಾಯಿತಂದೆಗಳನ್ನು, ನೆರೆಯನ್ನು, ನೆಲೆಯನ್ನು ಬಿಟ್ಟಂತೆ. ಇಷ್ಟನ್ನು ಬಿಡಿಸಿ ಬೇರೆಯದನ್ನು ಹಿಡಿಸುವ ಶಕ್ತಿ ಯಾವ ಬೋಧಕನಿಗೂ ಇಲ್ಲ. ರೋಮಿನವರು ಹಿಂದಿನ ಜೆಸ್ವಿಟರ ಅನುಸರಣೆಯ ಮಾರ್ಗವನ್ನು 1744ರಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿದುದೂ, 1773ರಲ್ಲಿ ಆ ಸಂಘವನ್ನೇ ಮುಚ್ಚಿದುದೂ, ಐರೋಪ್ಯರ ನಡತೆಯನ್ನು ಕಣ್ಣಾರೆ ಕಂಡು ಜನರಿಗೆ ಹುಟ್ಟಿದ ಜುಗುಪ್ಸೆಯೂ ಸೇರಿ, ಇದ್ದ ಅಲ್ಪಸ್ವಲ್ಪ ಅವಕಾಶವೂ ಹೋಯಿತೆಂದು ಅವರ ಮತ. ಎಚ್ಚರಿಕೆಯಿಂದ ಓದತಕ್ಕವನು ಇಲ್ಲಿ ಒಂದು ಸೂಕ್ಷ್ಮವನ್ನು ಕಾಣುವನು. ಮುಖಪುಟವು ಕಾರ್ಯ ಅಸಾಧ್ಯವೆಂದು ಸಾರಿದರೆ, ಒಳಗೆ ಪಾದ್ರಿಗಳು ಹೇಳುವುದು ಈಗಿನ ಸ್ಥಿತಿಯಲ್ಲಿ ಮನುಷ್ಯಯತ್ನದಿಂದ ಅಸಾಧ್ಯವೆಂದು. ‘ಮನುಷ್ಯಯತ್ನ’ ಎಂಬ ಆ ಒಂದು ಮಾತು ಪ್ರಾರ್ಥನೆ ಮಾಡತಕ್ಕವನ ಮಾತು; ಬಾಗಿಲನ್ನು ಮುಚ್ಚಿದರೂ ಅಗಳಿ ಹಾಕಲಿಲ್ಲ. ಮರುವರ್ಷವೇ ಹೌ ಮತ್ತು ಟೌನ್ಲಿ ಎಂಬ ಪ್ರೊಟೆಸ್ಟಂಟ್ ಬೋಧಕರಿಬ್ಬರು ಒಂದೊಂದು ಉತ್ತರಗ್ರಂಥವನ್ನು ಬರೆದರು. ಆ ವಾದವಿವಾದಗಳಿಗೆ ಇಂದು ಜೀವವಿಲ್ಲ.

ಜೀವವಿರುವುದು ಪತ್ರಗಳ ಮಧ್ಯದಲ್ಲಿ ಬಂದುಹೋಗುವ ನಿದರ್ಶನಗಳಲ್ಲಿ. ಮೊದಲನೆಯದು ಲೆಕ್ಕದ ಮಾತು. ಇಷ್ಟು ವರ್ಷಗಳಲ್ಲಿ ದೇಶೀಯ ಬೋಧಕನೊಬ್ಬನ ಸಹಾಯದಿಂದ ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಪಾದ್ರಿಗಳು ಒಪ್ಪಿಕೊಳ್ಳುತ್ತಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡಿದ್ದವರು, ತಿರಿದುಣ್ಣುವವರು. ಉಳಿದವರು ಕುಲದಿಂದ ಹೊರಬಿದ್ದವರು, ನೆಲೆಯಿಲ್ಲದವರು. ಬಂಧುಗಳನ್ನು ಗಳಿಸಿಕೊಳ್ಳುವುದಕ್ಕೆ, ಮುಖ್ಯವಾಗಿ ಮದುವೆಯ ಸಲುವಾಗಿ, ಬಂದವರು. ಇದನ್ನು ಅವರು ಸೋಲಿನ ಪಟ್ಟಿಯೆಂದು ಓದುಗನ ಮುಂದಿಡುತ್ತಾರೆ. ಹೀಗೆ ಮುಚ್ಚುಮರೆಯಿಲ್ಲದೆ ಲೆಕ್ಕ ಒಪ್ಪಿಸಿದ ಪ್ರಾಮಾಣಿಕತೆಗೆ ತಲೆಬಾಗಬೇಕು. ಮಿಷನ್ನುಗಳ ವರದಿಗಳಲ್ಲಿ ಅದು ವಿರಳವಾದ ಗುಣ. ಆದರೆ ಲೆಕ್ಕವನ್ನು ಓದಿದ ರೀತಿ ಸರಿಯೆ? ಮದುವೆಗಾಗಿ ಬಂದವನೆಂದರೆ ಮನೆಗಾಗಿ ಬಂದವನು. ಅನ್ನಕ್ಕಾಗಿ, ಹೆಣ್ಣಿಗಾಗಿ, ಸತ್ತರೆ ಹೊರಲು ನಾಲ್ಕು ಜನಕ್ಕಾಗಿ ಒಂದು ಮತದ ಬಾಗಿಲಿಗೆ ಬಂದವನು, ಒಳಗೆ ಸೇರಿ ಮೂವತ್ತು ವರ್ಷ ಬಾಳಿ, ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ, ಹೆಂಡತಿಯನ್ನು ಮಣ್ಣು ಮಾಡಿ, ಪ್ರತಿ ಭಾನುವಾರ ಮೈಲಿಗಟ್ಟಲೆ ನಡೆದು ಪೂಜೆಗೆ ಹೋದರೆ, ಆ ಬಾಳಿನ ಕೊನೆಯಲ್ಲಿ ಅವನ ನಂಬಿಕೆ ಏನಾಗಿರುತ್ತದೆ? ಪಾದ್ರಿಗಳು ಬಾಗಿಲಲ್ಲಿ ನಿಂತು ಬಂದವನ ಉದ್ದೇಶವನ್ನು ವಿಚಾರಿಸಿದರು. ಒಳಗೆ ಅವನು ಹೇಗೆ ಬಾಳಿದನೆಂಬುದನ್ನು ಪುಸ್ತಕ ತೂಗಿ ನೋಡುವುದಿಲ್ಲ. ಬಡವನಿಗೆ ಶುದ್ಧವಾದ ಉದ್ದೇಶವೊಂದೇ ಇರಬೇಕೆಂದು ಕೇಳುವುದು, ಹೊಟ್ಟೆ ತುಂಬಿದವನಿಗೆ ಹಾಕದ ಪರೀಕ್ಷೆಯನ್ನು ಅವನಿಗೆ ಹಾಕಿದಂತೆ.

ಎರಡನೆಯ ನಿದರ್ಶನ ಇದಕ್ಕಿಂತ ಭಾರವಾದದ್ದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯನ್ನು ದ್ಯುಬ್ವಾ ಅವರು 60,000 ಎಂದು ಕೊಡುತ್ತಾರೆ. ಇತಿಹಾಸಕಾರರ ಲೆಕ್ಕಗಳು ಇದಕ್ಕಿಂತ ಹೆಚ್ಚೂ ಕಡಮೆಯೂ ಆಗಿವೆ. ಬಲಾತ್ಕಾರದಿಂದ ಅವರಿಗೆ ಸುನ್ನತಿಯಾಯಿತು. ಇಷ್ಟು ಸಾವಿರ ಜನರಲ್ಲಿ ತನ್ನ ಮತವನ್ನು ಬಾಯಿಬಿಟ್ಟು ಹೇಳಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಬರಲಿಲ್ಲವಲ್ಲಾ ಎಂದು ಪಾದ್ರಿಗಳು ನಾಚಿಕೆಯಿಂದ ಕೂಗಿಕೊಳ್ಳುತ್ತಾರೆ. ಇಡೀ ಪುಸ್ತಕದಲ್ಲಿ ಇಷ್ಟು ಕಾವೇರಿದ ಎಡೆ ಮತ್ತೊಂದಿಲ್ಲ. ಆದರೆ ಆ ಕಾವು ಆರುವ ಮೊದಲೇ ಅವರ ಲೇಖನಿಯಿಂದ ಮತ್ತೊಂದು ಸಂಗತಿ ಹೊರಬೀಳುತ್ತದೆ. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಈ ಜನರು ತಾವಾಗಿಯೇ ಧರ್ಮಸಭೆಗೆ ಮರಳಿದರು. ತಮ್ಮ ಮೈಮೇಲೆ ನಡೆದದ್ದು ಹೊರಗಿನ ಮಾತು, ಮನಸ್ಸಿನೊಳಗೆ ತಾವು ಕ್ರೈಸ್ತರಾಗಿಯೇ ಇದ್ದೆವೆಂದು ಹೇಳಿಕೊಂಡರು. ಸುಮಾರು 2,000 ಮಂದಿ ದ್ಯುಬ್ವಾ ಅವರ ಬಳಿಗೇ ಬಂದರು. ಹೆಚ್ಚುಕಡಮೆ 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿದರು. ಇದೆಲ್ಲವೂ ಅವರದೇ ಲೆಕ್ಕ.

ಈ ಎರಡು ಸಂಗತಿಗಳು ಅಕ್ಕಪಕ್ಕದಲ್ಲಿದ್ದರೂ ಪಾದ್ರಿಗಳು ಒಂದನ್ನು ಮಾತ್ರ ನೋಡಿದರು. ಹದಿನೈದು ವರ್ಷವೆಂದರೆ ಸಣ್ಣ ಅವಧಿಯಲ್ಲ. ಗುರುಗಳನ್ನು ಗಡಿಯಾಚೆಗೆ ಅಟ್ಟಲಾಗಿತ್ತು. ಬಲಿಪೂಜೆಯಿಲ್ಲ, ಪಾಪನಿವೇದನೆಯನ್ನು ಕೇಳುವವರಿಲ್ಲ, ಹಬ್ಬದ ದಿನಗಳನ್ನು ಎಣಿಸಿ ಹೇಳುವವರಿಲ್ಲ. ಸೆರೆ ಬಂದಾಗ ಐದು ವರ್ಷದ್ದಾಗಿದ್ದ ಮಗು ಬಿಡುಗಡೆಯ ಕಾಲಕ್ಕೆ ಇಪ್ಪತ್ತು ವರ್ಷದ ಪ್ರಾಯಕ್ಕೆ ಬಂದಿತ್ತು. ಆ ಮಗುವಿಗೆ ತಾನು ಯಾರೆಂಬುದನ್ನು ಯಾರೋ ಹೇಳಿಕೊಡುತ್ತ ಬಂದಿರಬೇಕು: ತಾಯಿಯೋ ಅಜ್ಜಿಯೋ, ದೀಪವಾರಿದ ಮೇಲೆ, ಸದ್ದಿಲ್ಲದ ದನಿಯಲ್ಲಿ. ಇಲ್ಲವಾದರೆ ಇಪ್ಪತ್ತು ಸಾವಿರ ಜನ ಮರಳಿದ್ದಕ್ಕೆ ಅರ್ಥವಿಲ್ಲ. ಕತ್ತಿಗೆ ಕೊರಳೊಡ್ಡುವುದು ಒಂದು ಗಳಿಗೆಯ ಧೈರ್ಯ. ಹೊರಗೆ ಒಂದು ಹೆಸರು, ಒಳಗೆ ಒಂದು ಹೆಸರು ಇಟ್ಟುಕೊಂಡು ಐದು ಸಾವಿರ ರಾತ್ರಿಗಳನ್ನು ಕಳೆಯುವುದಕ್ಕೆ ಏನೆಂದು ಹೆಸರಿಡಬೇಕೆಂಬುದು ಪಾದ್ರಿಗಳಿಗೆ ಹೊಳೆಯಲಿಲ್ಲ. ರಕ್ತಸಾಕ್ಷಿಗಳ ಚರಿತ್ರೆಗಳನ್ನು ಓದಿ ಬೆಳೆದ ಮನಸ್ಸಿಗೆ ನಂಬಿಕೆಯೆಂದರೆ ಪರೀಕ್ಷೆಯ ಗಳಿಗೆಯಲ್ಲಿ ಕಾಣಿಸತಕ್ಕ ವಸ್ತು. ಅವರು ಫ್ರಾನ್ಸನ್ನು ಬಿಟ್ಟು ಹೊರಟ 1792ನೆಯ ವರ್ಷವೇ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾದ್ರಿಗಳ ಕೊಲೆಯಾಯಿತು. ದೂರದ ಪಾಂಡಿಚೇರಿಗೆ ಆ ಸುದ್ದಿ ಬಂದಾಗ, ಬದುಕಿಕೊಂಡವನ ಮನಸ್ಸಿನಲ್ಲಿ ಏನು ನಡೆದೀತೆಂದು ಊಹಿಸಬಹುದು. ಮೈಸೂರಿನ ಕ್ರೈಸ್ತರ ಮೇಲೆ ಅವರು ತೋರಿಸುವ ಕಾಠಿಣ್ಯದಲ್ಲಿ ಆ ಬೇಗೆಯ ಪಾಲೂ ಇರಬಹುದು. ಅದಿರಲಿ, ಮೂರು ಸಾರಿ ತನ್ನ ಗುರುವನ್ನು ಅರಿಯೆನೆಂದು ಹೇಳಿ, ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅತ್ತ ಪೇತ್ರನ ಕಥೆಯನ್ನು ಅವರು ವರ್ಷವರ್ಷವೂ ಓದುತ್ತಿದ್ದವರು. ಅದನ್ನು ಇಲ್ಲಿ ನೆನೆಯಬೇಕಾಗಿತ್ತು.

ಪೇತ್ರನ ಹೆಸರು ಬಂದಿತಾದ್ದರಿಂದ ಮೂರನೆಯ ನಿದರ್ಶನಕ್ಕೆ ಬರಬಹುದು. ಒಮ್ಮೆ ಪಾದ್ರಿಗಳು ದೇಶೀಯ ಕ್ರೈಸ್ತರ ಸಭೆಯಲ್ಲಿ ಉಪದೇಶ ಮಾಡುತ್ತ, ಯೇಸುವಿನ ಶಿಷ್ಯರು ಬಡ ಬೆಸ್ತರಾಗಿದ್ದರೆಂದೂ, ದೇವರು ಅಂಥವರ ಕೈಯಿಂದಲೇ ಲೋಕವನ್ನು ತಿದ್ದಿದನೆಂದೂ ವಿವರಿಸಿದರು. ಉಪದೇಶ ಮುಗಿದ ಮೇಲೆ ಕೆಲವರು ಬಂದು ಆಕ್ಷೇಪಿಸಿದರು. ಅಪೋಸ್ತಲರನ್ನು ಬೆಸ್ತರೆಂದು ಹೇಳಿದ್ದರಿಂದ ಸಭೆಗೆಲ್ಲ ತಲೆತಗ್ಗಿಸುವಂತಾಯಿತು, ಹೊರಗಿನವರು ಕೇಳಿದರೆ ನಗುವರು, ಇನ್ನು ಮುಂದೆ ಅವರು ಕ್ಷತ್ರಿಯಕುಲದವರೆಂದು ಹೇಳಬೇಕೆಂದು ಬುದ್ಧಿ ಹೇಳಿದರು. ಇದನ್ನು ಓದಿ ನಗದವರಿಲ್ಲ. ನಕ್ಕ ಮೇಲೆ ಮನಸ್ಸು ಕಹಿಯಾಗದವರೂ ಇಲ್ಲ. ಜ್ಞಾನಸ್ನಾನದ ನೀರು ಕುಲದ ಹೆಮ್ಮೆಯನ್ನು ತೊಳೆಯಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಈ ಸಭೆ ಯಾವ ಊರಿನದೇ ಆಗಲಿ, ದಕ್ಷಿಣದ ಕ್ರೈಸ್ತಸಮಾಜ ಒಳಗಿಂದೊಳಗೆ ನಡೆಸಬೇಕಾಗಿದ್ದ ಹೋರಾಟ ಯಾವುದೆಂಬುದನ್ನು ಈ ಒಂದು ಪುಟ ತೋರಿಸಿಬಿಡುತ್ತದೆ. ಪಾದ್ರಿಗಳು ಮಾತ್ರ ಇದನ್ನು ಕುಲಪದ್ಧತಿ ಅಲುಗಿಸಲಾಗದ್ದೆಂಬುದಕ್ಕೆ ಮತ್ತೊಂದು ಆಧಾರವಾಗಿ ಬಳಸಿಕೊಂಡು ಮುಂದಕ್ಕೆ ಹೋಗುತ್ತಾರೆ.

ಕನ್ನಡ ಬಲ್ಲ ವಾಚಕನು ಅಷ್ಟು ಬೇಗ ಮುಂದಕ್ಕೆ ಹೋಗಲಾರನು. ಬೆಸ್ತನು ದೇವರ ಆಪ್ತನಾಗಬಹುದೆಂಬ ಮಾತು ಈ ನಾಡಿಗೆ ಹೊಸದೆ? ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನು ಮರೆಸಲಿಲ್ಲ. ವಚನವಚನದ ಕೊನೆಗೂ ಅದನ್ನೇ ಅಂಕಿತವಾಗಿ ಒತ್ತಿದನು. ಹಳೇಬೀಡಿನಲ್ಲಿ ಹೊಯ್ಸಳರ ಕರಣಿಕನಾಗಿದ್ದನೆಂದು ಪ್ರತೀತಿಯುಳ್ಳ ಹರಿಹರನು ಅರಸರನ್ನು ಹೊಗಳುವ ಕಾವ್ಯವನ್ನು ಒಲ್ಲದೆ, ಬೇಡರ ಕಣ್ಣಪ್ಪನಿಗೂ ಮಾದಾರ ಚೆನ್ನಯ್ಯನಿಗೂ ರಗಳೆಗಳನ್ನು ಹಾಡಿದನು. ಬೇಲೂರಿನಲ್ಲಿ ಮತ್ತೊಂದು ಬಗೆಯ ಕಥೆಯುಂಟು; ರೈಸ್ ಸಾಹೇಬರೂ ಅದನ್ನು ತಮ್ಮ ಗೆಜೆಟಿಯರಿನಲ್ಲಿ ದಾಖಲೆ ಮಾಡಿರುವರು. ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ಚೆನ್ನಕೇಶವನು ಹೋಗಿಬರುತ್ತಿರುವನಂತೆ. ನಡೆದು ನಡೆದು ಪಾದರಕ್ಷೆಗಳು ಸವೆದಾಗ ಚಮ್ಮಾರರ ಕನಸಿನಲ್ಲಿ ಕಾಣಿಸಿಕೊಂಡು ಹೊಸ ಜೋಡನ್ನು ಬೇಡುವನಂತೆ. ಪೂಜಾರಿಯ ಕನಸಿನಲ್ಲಲ್ಲ, ಚಮ್ಮಾರನ ಕನಸಿನಲ್ಲಿ! ಇಂಥ ಕಥೆಗಳಿದ್ದ ಮಾತ್ರಕ್ಕೆ ಆ ಚಮ್ಮಾರನಿಗೆ ನಿತ್ಯವೂ ಗುಡಿಯ ಬಾಗಿಲು ತೆರೆದಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ಬೇಲೂರಿನಲ್ಲಿ ವರ್ಷದಲ್ಲಿ ಕೆಲವೇ ದಿನ ಪ್ರವೇಶವಿತ್ತು. ಉಳಿದ ದಿನಗಳಲ್ಲಿ ಹೊರಗೆ ನಿಲ್ಲಬೇಕಾಗಿತ್ತು. ಕಥೆ ಒಂದು ಕಡೆಗೆ, ಬಾಳು ಒಂದು ಕಡೆಗೆ ಎಳೆಯುತ್ತಿದ್ದ ಆ ಜಗ್ಗಾಟ ಗುಡಿಯಲ್ಲಿಯೂ ಇತ್ತು, ಚರ್ಚಿನಲ್ಲಿಯೂ ಇತ್ತು. ಆದರೆ ಬೆಸ್ತ ಪೇತ್ರನನ್ನು ಎದೆಯೆತ್ತಿ ಹೇಳುವುದಕ್ಕೆ ಬೇಕಾದ ಮಾತುಗಳು ಕನ್ನಡದಲ್ಲಿ ಆಗಲೇ ಸಿದ್ಧವಾಗಿದ್ದುವು. ದ್ಯುಬ್ವಾ ಅವರ ಹಿಂದೂಧರ್ಮವು ಶಾಸ್ತ್ರಗಳ, ಅಗ್ರಹಾರಗಳ, ಕಟ್ಟಳೆಗಳ ಹಿಂದೂಧರ್ಮ. ಶರಣರ ಮಾತಾಗಲಿ, ದಾಸರ ಹಾಡಾಗಲಿ ಪತ್ರಗಳ ವಾದದೊಳಕ್ಕೆ ಬರುವುದಿಲ್ಲ. ಅವು ಬಂದಿದ್ದರೆ ಅಸಾಧ್ಯವೆಂಬ ತೀರ್ಪು ಬದಲಾಗುತ್ತಿತ್ತೆಂದು ಹೇಳಲಾಗದು. ತನ್ನ ಸಭೆಯವರಿಗೆ ಆ ದಿನ ಕೊಡಬೇಕಾಗಿದ್ದ ಉತ್ತರವಾದರೂ ಗುರುವಿಗೆ ಸಿಕ್ಕುತ್ತಿತ್ತು.

ಉತ್ಸವಗಳ ವಿಷಯದಲ್ಲಿಯೂ ಇದೇ ತೊಡಕು. ಕ್ರೈಸ್ತರು ರಾತ್ರಿಯ ಹೊತ್ತು ಸಂತರ ವಿಗ್ರಹವನ್ನು ಹೂಮಾಲೆಗಳಿಂದ ಅಲಂಕರಿಸಿ ತೇರಿನಲ್ಲಿಟ್ಟು, ತಮಟೆ ಕೊಂಬುಗಳ ಅಬ್ಬರದಲ್ಲಿ, ಪಂಜು ಬಾಣಬಿರುಸುಗಳ ಬೆಳಕಿನಲ್ಲಿ ಎಳೆದುಕೊಂಡು ಹೋಗುವುದನ್ನು ಕಂಡು ತಮಗೆ ಯಾವಾಗಲೂ ನಾಚಿಕೆಯಾಗುತ್ತಿತ್ತೆಂದು ಪಾದ್ರಿಗಳು ಬರೆಯುತ್ತಾರೆ. ಅದೇ ಪುಸ್ತಕದಲ್ಲಿಯೇ, ಹಿಂದೂಗಳ ಮನಸ್ಸಿಗೆ ಹಿಡಿಸಬಲ್ಲ ಕ್ರೈಸ್ತಪೂಜೆ ಯಾವುದಾದರೂ ಇದ್ದರೆ ಅದು ಬೆಡಗಿನಿಂದ ಕೂಡಿದ ಕೆಥೊಲಿಕ್ ಪೂಜೆಯೇ ಹೊರತು ಪ್ರೊಟೆಸ್ಟಂಟರ ಬರಿಗೋಡೆಯ ಪೂಜೆಯಲ್ಲವೆಂದೂ ವಾದಿಸುತ್ತಾರೆ. ವಾದಕ್ಕೆ ಬೇಕಾದಾಗ ಬೆಡಗು ಬೇಕು, ಕಣ್ಣೆದುರಿಗೆ ಬಂದಾಗ ಬೇಡ. ಚೈತ್ರದಲ್ಲಿ ಬೇಲೂರಿನ ತೇರನ್ನು ಎಳೆದು ಕೈಗೆ ಹಗ್ಗದ ಗುರುತು ಬಿದ್ದವರಿಗೆ ಈ ನಾಚಿಕೆ ಅರ್ಥವಾಗದು. ಸಂತೋಷವನ್ನು ತೇರಿನಿಂದಲ್ಲದೆ ಬೇರೆ ಯಾವುದರಿಂದ ಹೇಳಬೇಕೆಂದು ಆ ಬಡ ಕ್ರೈಸ್ತರಿಗೆ ಯಾರೂ ಕಲಿಸಿರಲಿಲ್ಲ.

ಬೈಬಲ್ಲಿನ ಭಾಷಾಂತರಗಳನ್ನು ಕುರಿತ ಪತ್ರಭಾಗ ಒರಟಾಗಿದ್ದರೂ ಅದರಲ್ಲಿ ಸತ್ಯಾಂಶವಿದೆ. ಅವಸರದಲ್ಲಿ, ಭಾಷೆಯ ಗೌರವವನ್ನು ಲೆಕ್ಕಿಸದೆ ಮಾಡಿದ ಭಾಷಾಂತರಗಳನ್ನು ವಿವರಣೆಯಿಲ್ಲದೆ ಹಂಚಿದರೆ ನಗೆಪಾಟಲಾಗುವುದೆಂದು ಅವರು ಎಚ್ಚರಿಸಿದರು. ದಾರಿ ತಪ್ಪಿದ ಮಗ ಮನೆಗೆ ಬಂದಾಗ ತಂದೆಯು ಕೊಬ್ಬಿದ ಕರುವನ್ನು ಕೊಯ್ಸಿ ಔತಣ ಮಾಡಿಸಿದನೆಂಬುದನ್ನು ಓದಿದ ಹಿಂದೂವಿಗೆ ತಂದೆಯ ಕರುಣೆ ಕಾಣಿಸುವ ಮೊದಲು ಕರುವಿನ ಕೊಲೆ ಕಾಣಿಸುವುದೆಂಬ ಅವರ ಮಾತು ಸೂಕ್ಷ್ಮವಾದದ್ದು. ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಮುಗಿದದ್ದೂ, ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯೆಂದು ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದದ್ದೂ ದ್ಯುಬ್ವಾ ಅವರು ಹೋದ ಮೇಲಿನ ಸಂಗತಿಗಳು.

ಪುಸ್ತಕದ ಕೊನೆಯ ಭಾಗವನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಶ್ರೀರಾಂಪುರದ ವಾರ್ಡ್ ಪಾದ್ರಿಗಳು ಹಿಂದೂ ಸ್ತ್ರೀಪುರುಷರ ಶೀಲವನ್ನು ಕಟುವಾಗಿ ಹಳಿದಿದ್ದರು. ಅದಕ್ಕೆ ಪ್ರತಿಯಾಗಿ ದ್ಯುಬ್ವಾ ಅವರು ಹಿಂದೂಗಳ ಪರವಾಗಿ ಲೇಖನಿ ಹಿಡಿದರು. ತಮ್ಮ ಮತವನ್ನು ಒಪ್ಪದ ಜನರ ಪರವಾಗಿ, ತಮ್ಮಂತೆಯೇ ಬೋಧಕನಾದವನ ಎದುರಿಗೆ, ಸೋತೆನೆಂದು ಸಾರಿದ ಪುಸ್ತಕದಲ್ಲಿಯೇ! ಅಭಿಮಾನಭಂಗದಿಂದ ಬರೆದವನು ಹೀಗೆ ಮಾಡನು. ಈ ಜನರ ಜತೆಯಲ್ಲಿ ಉಂಡು, ಅವರ ಮನೆಗಳಲ್ಲಿ ಕಾಯಿಲೆ ಸಾವುಗಳನ್ನು ಕಂಡವನ ಮಾತು ಅದು.

ಇನ್ನು ಸಾತಳ್ಳಿಯ ವಿಷಯ. ಪತ್ರಗಳ ವಾದಕ್ಕೆ ಈ ಊರು ಆಧಾರವಲ್ಲ. ಪತ್ರಗಳ ವಾದಕ್ಕೆ ಉತ್ತರ ಸಿಕ್ಕುವುದಾದರೆ ಇಲ್ಲಿಯೇ ಸಿಕ್ಕಬೇಕು. ಬೇಸಾಯದ ಕುಲಗಳಿಂದ ಬಂದ ಜನರು ಇಲ್ಲಿ ಕ್ರೈಸ್ತರಾಗಿಯೂ ಬೇಸಾಯಗಾರರಾಗಿಯೇ ಉಳಿದರು. ನಡೆನುಡಿಗಳಲ್ಲಿ ಕುಲದ ರೂಢಿಗಳನ್ನು ಬಹುಕಾಲ ಇಟ್ಟುಕೊಂಡರು. ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವೂ ಈಶ್ವರನ ಗುಡಿಯೂ ಹೊಯ್ಸಳರ ಕಾಲದಿಂದ ಒಂದೇ ಊರಿನಲ್ಲಿವೆ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನಿಗೆ ಬಸದಿಗಳು ನೆರೆ. ಭಿನ್ನಮತದ ನೆರೆಯವನೊಡನೆ ಬಾಳುವ ಅಭ್ಯಾಸ ಈ ಸೀಮೆಗೆ ಹಳೆಯದು. ಆದರೆ ನೆರೆಯವನ ಮತಕ್ಕೆ ದೊರೆಯ ಆಶ್ರಯವಿದ್ದು ತನ್ನದಕ್ಕೆ ಇಲ್ಲದಿರುವಾಗ ಬಾಳುವ ಕಷ್ಟ ಬೇರೆ. ಮಾರಿಹಬ್ಬಕ್ಕೆ ಊರೆಲ್ಲ ವಂತಿಗೆ ಹಾಕುವಾಗ ಕ್ರೈಸ್ತನು ಕೊಡಬೇಕೆ ಬೇಡವೆ? ಕೊಟ್ಟರೆ ಮನಸ್ಸು ಚುಚ್ಚುತ್ತದೆ. ಕೊಡದಿದ್ದರೆ ನಾಳೆ ಎತ್ತು ನೇಗಿಲ ಸಾಲ ಕೇಳಲು ಮುಖವಿಲ್ಲ. ಮಗುವಿಗೆ ಜ್ವರ ಏರಿದ ರಾತ್ರಿ ನೆರೆಯ ಮುದುಕಿ ತಾಯಿತ ಕಟ್ಟಿಸೆಂದರೆ, ತಾಯಿಯಾದವಳು ಏನು ಹೇಳಬೇಕು? ಮಳೆ ಕೈಕೊಟ್ಟ ವರ್ಷ ಊರಿನವರು ದೇವರು ಕೂರಿಸುವಾಗ ತಾನೊಬ್ಬನೇ ಮನೆಯಲ್ಲಿ ಜಪಸರ ಹಿಡಿದು ಕುಳಿತರೆ, ಮಳೆ ಬಾರದಿದ್ದ ತಪ್ಪು ಯಾರ ತಲೆಗೆ ಬರುವುದು? ಇಂಥ ಪ್ರಶ್ನೆಗಳಿಗೆ ಶಾಸ್ತ್ರದಲ್ಲಿ ಒಂದೇ ಉತ್ತರವಿದ್ದರೂ ಹಳ್ಳಿಯಲ್ಲಿ ಉತ್ತರಗಳು ಹತ್ತು. ಒಮ್ಮೆ ಗಟ್ಟಿಯಾಗಿ ನಿಲ್ಲುವುದು, ಒಮ್ಮೆ ಬಾಗುವುದು, ಬಾಗಿದ್ದಕ್ಕೆ ಗುರುಗಳ ಮುಂದೆ ಮಂಡಿಯೂರುವುದು, ಮತ್ತೆ ಹೊಲಕ್ಕೆ ಹೋಗುವುದು. ಕುಲಭೇದದ ವಿಷಯದಲ್ಲಿ ಬಾಗಿದ್ದೇ ಹೆಚ್ಚೆಂಬುದನ್ನೂ ಹೇಳಬೇಕು. ಅದನ್ನು ಅಲುಗಿಸಲಾಗದೆಂದು ನಂಬಿದ ಗುರುವು ಸಭೆಗೆ ಆ ವಿಷಯದಲ್ಲಿ ದಾರಿ ತೋರಿಸಲಾರದೆ ಹೋದರು. ಇದರ ಸಾಲವನ್ನು ಮುಂದಿನ ತಲೆಮಾರುಗಳು ತೀರಿಸಬೇಕಾಯಿತು. ತೀರಿತೆಂದು ಇಂದಿಗೂ ಹೇಳುವಂತಿಲ್ಲ.

ಹೀಗಿರುವಲ್ಲಿ ಪತ್ರಗಳನ್ನು ಬರೆದವರು ನಂಬಿಕೆಯನ್ನು ಕಳೆದುಕೊಂಡವರೆಂದು ತಿಳಿಯುವುದು ತಪ್ಪು. ಅವರು ಕಳೆದುಕೊಂಡದ್ದು ಫಲದ ಆಸೆಯನ್ನು. ದೇಶ ಬಿಟ್ಟು ಪ್ಯಾರಿಸಿಗೆ ಹೋದ ದ್ಯುಬ್ವಾ ಅವರು ಅಲ್ಲಿ ವಿಶ್ರಾಂತಿ ಪಡೆಯಲಿಲ್ಲ. ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದುದು ಬಿಡುವಿನ ಕೆಲಸ. ನಿತ್ಯದ ಕೆಲಸ ಯಾವುದೆಂದರೆ, ಪೂರ್ವದೇಶಗಳಿಗೆ ಬೋಧಕರನ್ನು ಸಿದ್ಧಮಾಡಿ ಕಳುಹಿಸತಕ್ಕ ತಮ್ಮ ಸಂಘದ ಗುರುಮಠದ ಆಡಳಿತ. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೇ ಆಗಿದ್ದರು. 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಅಸಾಧ್ಯವೆಂದು ತಾವೇ ಅಚ್ಚುಹಾಕಿಸಿದ ಕಾರ್ಯಕ್ಕೆ ಇಪ್ಪತ್ತು ವರ್ಷದ ಹುಡುಗರನ್ನು ವರ್ಷವರ್ಷವೂ ಅಣಿಮಾಡಿ ಹಡಗು ಹತ್ತಿಸುವಾಗ ಅವರು ಏನು ಹೇಳಿ ಹರಸುತ್ತಿದ್ದರೋ! ಪತ್ರಗಳಿಗೆ ಅವರು ಬರೆಯದೆ ಬಿಟ್ಟ ಕೊನೆಯ ಅಧ್ಯಾಯ ಅದು. ಅದನ್ನು ಸೇರಿಸಿಕೊಂಡು ಓದಿದರೆ ಮಾತ್ರ ಮುಖಪುಟದ ತೀರ್ಪಿನ ತೂಕ ಸರಿಯಾಗಿ ತಿಳಿಯುತ್ತದೆ.

ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ, 1860ರ ಸುಮಾರಿಗೆ, ಫ್ರೆಂಚ್ ಪಾದ್ರಿಗಳು ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಇಟ್ಟಿಗೆ ಗಾರೆಗಳಿಂದ ಎತ್ತರವಾಗಿ ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯಾದಾಗ ಆ ಊರಿನವರು ಮನೆಮಾರುಗಳನ್ನು ಬಿಟ್ಟು ಎದ್ದರು. ಹಿನ್ನೀರು ಏರಿದಾಗ ಗೋಡೆಗಳ ಮೇಲ್ಭಾಗ ಮಾತ್ರ ಕಾಣಿಸುತ್ತದೆ. ನೀರು ಇಳಿದಾಗ ದೂರದ ಊರುಗಳಿಂದ ಜನರು ನೋಡಲು ಬಂದು, ಚಾವಣಿಯಿಲ್ಲದ ಕಮಾನುಗಳ ಕೆಳಗೆ ನಿಂತು ಚಿತ್ರ ತೆಗೆದುಕೊಂಡು ಹೋಗುವರು. ಅಲ್ಲಿ ಮಂಡಿಯೂರಿದ್ದವರ ಮಕ್ಕಳು ಮೊಮ್ಮಕ್ಕಳು ಭಾನುವಾರದ ಪೂಜೆಗೆ ಈಗ ಬೇರೆ ಊರುಗಳ ದೇವಾಲಯಗಳಿಗೆ ಹೋಗುತ್ತಾರೆ. ಹಾಸನ ಸೀಮೆಯ ಕೆಥೊಲಿಕ್ ಸಭೆಗಳೆಲ್ಲ 1963ರಲ್ಲಿ ಏರ್ಪಟ್ಟ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿವೆ. ಸಾತಳ್ಳಿಯೂ ಅವುಗಳಲ್ಲಿ ಒಂದು.